ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ: ಕೊಡಗು, ಮಲೆನಾಡು, ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟ ಜಾರಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಇಂಥ ದಿನಗಳಲ್ಲಿ ಊರಲ್ಲಿರುವವರಿಗೂ ಬೆಂಗಳೂರು, ದುಬೈಗಳಲ್ಲಿ ಫೋನ್ ಹಿಡಿದು ಕೂತವರಿಗೂ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಮೇ ತಿಂಗಳಲ್ಲೇ ಓದಿಟ್ಟುಕೊಂಡರೆ ಉಪಯೋಗ. ಆಗಸ್ಟ್‌ನಲ್ಲಿ ಈ ಪುಟ ತೆರೆಯುವುದಕ್ಕೂ ನೆಟ್ ಬೇಕು.

ಟವರ್ ಗಟ್ಟಿಯಾಗಿ ನಿಂತಿದೆ, ಆದರೂ ಸಿಗ್ನಲ್ ಇಲ್ಲ. ಯಾಕೆ?

ನಮ್ಮ ಕಡೆ ಟವರ್ ಉರುಳಿ ಬೀಳುವುದು ಬಹಳ ಅಪರೂಪ. ಮೊದಲು ಹೋಗುವುದು ಕರೆಂಟು. ಲೈನ್ ಮೇಲೆ ಮರ ಬಿದ್ದ ಕೂಡಲೇ ಟವರ್ ತನ್ನ 48 ವೋಲ್ಟ್ ಬ್ಯಾಟರಿಗೆ ಬದಲಾಗುತ್ತದೆ. ಬ್ಯಾಟರಿ ಹೊಸದಿದ್ದರೆ ನಾಲ್ಕರಿಂದ ಎಂಟು ತಾಸು ನಡೆಯಬಹುದು, ಹಳೆಯದಾದರೆ ಒಂದೆರಡು ತಾಸು. ಆಮೇಲೆ ಜನರೇಟರ್ ಇದ್ದ ಕಡೆ ಡೀಸೆಲ್ ಇರುವವರೆಗೆ. ಡೀಸೆಲ್ ತರುವ ಜೀಪು ಬರಬೇಕಾದ ರಸ್ತೆಯೇ ಧರೆ ಕುಸಿದು ಮುಚ್ಚಿಹೋಗಿದ್ದರೆ ಟವರ್‌ನ ಕಥೆ ಅಲ್ಲಿಗೆ ಮುಗಿಯಿತು.

ಇದರ ಜೊತೆಗೆ ಫೈಬರ್. ಟವರ್‌ನಿಂದ ಪೇಟೆಯ ಎಕ್ಸ್‌ಚೇಂಜ್‌ಗೆ ಹೋಗುವ ಕೇಬಲನ್ನು ಸಾಮಾನ್ಯವಾಗಿ ರಸ್ತೆಯ ಅಂಚಿನಲ್ಲೇ ಹೂಳಿರುತ್ತಾರೆ. ರಸ್ತೆ ಕುಸಿದರೆ ಕೇಬಲ್ಲೂ ಕುಸಿದಂತೆ. ಘಾಟಿ ಊರುಗಳಲ್ಲಿ ರಸ್ತೆ, ಕರೆಂಟು, ಫೋನು ಮೂರೂ ಒಟ್ಟಿಗೆ ಹೋಗುವುದು ಇದಕ್ಕೇ.

ಇದರಿಂದ ಒಂದು ಲೆಕ್ಕ ಸಿಗುತ್ತದೆ. ಕರೆಂಟು ಹೋದ ಹೊತ್ತಿನಿಂದ ನಿಮಗೆ ಉಳಿದಿರುವುದು ಕೆಲವೇ ತಾಸು. ಕಳಿಸಬೇಕಾದ ಮುಖ್ಯ ಸಂದೇಶ ಆಗಲೇ ಹೋಗಬೇಕು. ‘ನೋಡೋಣ, ಬೆಳಿಗ್ಗೆ ಹೇಳಿದರಾಯಿತು’ ಅಂದುಕೊಂಡವರಿಗೆ ಬೆಳಿಗ್ಗೆ ಟವರ್ ಇರುವುದಿಲ್ಲ.

ಕಡ್ಡಿ ಪೂರ್ತಿ ತೋರಿಸುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಇದೇನು?

ಕಡ್ಡಿ ಹೇಳುವುದು ನಿಮ್ಮ ಫೋನಿಗೂ ಟವರ್‌ಗೂ ನಡುವಿನ ಕಥೆ ಮಾತ್ರ. ಟವರ್‌ನಿಂದ ಆಚೆಗಿನ ಫೈಬರ್ ಕಡಿದಿದ್ದರೂ ಕೆಲಹೊತ್ತು ಕಡ್ಡಿ ತೋರುತ್ತಲೇ ಇರಬಹುದು. ಇನ್ನೊಂದು ಕಾರಣ ನೂಕುನುಗ್ಗಲು. ಟಿವಿಯಲ್ಲಿ ಊರಿನ ಹೆಸರು ಬಂದ ಹತ್ತೇ ನಿಮಿಷದಲ್ಲಿ ಹೊರಗಿನ ನೆಂಟರೆಲ್ಲ ಒಟ್ಟಿಗೆ ಫೋನ್ ಹಚ್ಚುತ್ತಾರೆ. ಒಂದು ಟವರ್ ಏಕಕಾಲಕ್ಕೆ ಹಿಡಿಯುವ ಕರೆಗಳಿಗೆ ಮಿತಿ ಇದೆ.

ಎರಡನ್ನೂ ಬೇರೆ ಮಾಡಿ ನೋಡುವುದು ಸುಲಭ. ಮೂರು ನಾಲ್ಕು ಸಲ ಪ್ರಯತ್ನಿಸಿದರೆ ಒಮ್ಮೆಯಾದರೂ ಹೋಗುತ್ತಿದೆ ಎಂದರೆ ನೂಕುನುಗ್ಗಲು. ಒಂದೂ ಹೋಗದೆ, ಎಸ್‌ಎಂಎಸ್ಸೂ ಹೋಗದೆ ಇದ್ದರೆ ಫೈಬರ್ ಕಡಿದಿರಬೇಕು. ಆಗ ಬ್ಯಾಟರಿ ಸುಡುತ್ತಾ ಕೂರಬೇಡಿ, ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ.

ಎಸ್‌ಎಂಎಸ್ ಒಳ್ಳೆಯದೋ, ವಾಟ್ಸಾಪ್ ಒಳ್ಳೆಯದೋ?

ಎಸ್‌ಎಂಎಸ್. ಕರೆಗೆ ಆರಂಭದಿಂದ ಕೊನೆಯವರೆಗೆ ದಾರಿ ತೆರೆದಿರಬೇಕು. ಎಸ್‌ಎಂಎಸ್‌ಗೆ ಕ್ಷಣಮಾತ್ರ ಸಂಪರ್ಕ ಸಿಕ್ಕರೆ ಸಾಕು. ಆ ಕಡೆಯವರ ಫೋನ್ ಆಫ್ ಆಗಿದ್ದರೂ ಕಂಪನಿಯ ಸರ್ವರ್ ಅದನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಕನ್ನಡದಲ್ಲಿ ಬರೆಯುವವರು ತಿಳಿದಿರಬೇಕಾದ ವಿಷಯ ಒಂದಿದೆ. ಇಂಗ್ಲಿಷ್ ಅಕ್ಷರಗಳ ಎಸ್‌ಎಂಎಸ್‌ಗೆ 160 ಅಕ್ಷರ ಮಿತಿ. ಕನ್ನಡ ಲಿಪಿಗೆ 70 ಮಾತ್ರ. ಅದೂ ಕಣ್ಣಿಗೆ ಕಾಣುವ ಅಕ್ಷರವಲ್ಲ. ‘ಕ್ಷೇ’ ನಮಗೆ ಒಂದೇ ಅಕ್ಷರ, ಫೋನಿಗೆ ಕ, ಒತ್ತಕ್ಷರ ಜೋಡಿಸುವ ಅರ್ಧಾಕ್ಷರ ಚಿಹ್ನೆ (್), ಷ, ಏತ್ವ ಸೇರಿ ನಾಲ್ಕು. ಪದಗಳ ನಡುವಿನ ಜಾಗ, ಚುಕ್ಕಿಗಳೂ ಲೆಕ್ಕಕ್ಕೆ ಬರುತ್ತವೆ. 70 ದಾಟಿದರೆ ಸಂದೇಶ 67ರ ತುಂಡುಗಳಾಗಿ ಹೋಗುತ್ತದೆ, ಒಂದು ತುಂಡು ಕಳೆದುಹೋದರೆ ಎಷ್ಟೋ ಫೋನುಗಳು ಉಳಿದದ್ದನ್ನೂ ತೋರಿಸುವುದಿಲ್ಲ. ಹಾಗಾಗಿ ಚಿಕ್ಕದಾಗಿ ಬರೆಯಿರಿ:

‘ನಾವೆಲ್ಲ ಕ್ಷೇಮ. ಶಾಲೆಯಲ್ಲಿದ್ದೇವೆ. 4 ಜನ. ನಾಳೆ 8ಕ್ಕೆ ಫೋನ್.’

ಇದು 54. ಕ್ಷೇಮವೋ ಅಲ್ಲವೋ, ಎಲ್ಲಿ, ಎಷ್ಟು ಜನ, ಮುಂದಿನ ಸಂಪರ್ಕ ಯಾವಾಗ, ಇಷ್ಟು ಇದ್ದರೆ ಆ ಕಡೆಯವರು ತಿರುಗಿ ಫೋನ್ ಮಾಡುವ ಅಗತ್ಯವೇ ಬೀಳುವುದಿಲ್ಲ.

ಡೇಟಾ ಇದ್ದಾಗ ವಾಟ್ಸಾಪ್ ಅಕ್ಷರ ಸಂದೇಶವೂ ಹಗುರವೇ. ಆದರೆ ಒಂದು ನಿಮಿಷದ ಧ್ವನಿ ಸಂದೇಶ ನೂರು ಕಿಲೋಬೈಟ್ ದಾಟುತ್ತದೆ, ವಿಡಿಯೊ ಅದಕ್ಕೂ ಎಷ್ಟೋ ಪಟ್ಟು. ಸೇತುವೆ ಮುಳುಗಿದ ವಿಡಿಯೊ ನಲವತ್ತು ಗುಂಪುಗಳಿಗೆ ಹೋಗುವಾಗ ಅದೇ ಟವರ್‌ನಲ್ಲಿ ಯಾರದೋ ಆಂಬ್ಯುಲೆನ್ಸ್ ಕರೆ ಕಾಯುತ್ತಿರುತ್ತದೆ. ಫೋಟೊ, ವಿಡಿಯೊಗಳ ತಾನೇ ಇಳಿಯುವ ಸೌಲಭ್ಯವನ್ನೂ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿಡಿ.

ನನ್ನ ಸಿಮ್ ಸತ್ತಿದೆ, ಪಕ್ಕದ ಮನೆಯವರ ಕಂಪನಿಯ ಸಿಗ್ನಲ್ ಇದೆ. ಅದನ್ನು ಬಳಸಬಹುದೇ?

ಸರ್ಕಾರ ಆದೇಶಿಸಿದಾಗ ಬಳಸಬಹುದು. ವಿಪತ್ತಿನ ವೇಳೆ ದೂರಸಂಪರ್ಕ ಇಲಾಖೆ ಆಯಾ ಪ್ರದೇಶಕ್ಕೆ ಕಂಪನಿಗಳ ನಡುವೆ ರೋಮಿಂಗ್ ತೆರೆಸುತ್ತದೆ. 2024ರ ಅಕ್ಟೋಬರ್‌ನಲ್ಲಿ ದಾನಾ ಚಂಡಮಾರುತ ಒಡಿಶಾಕ್ಕೆ ಬಂದಾಗ ಹೀಗೆ ಮಾಡಿದ್ದರು. ಫೋನ್ ಸಾಮಾನ್ಯವಾಗಿ ತಾನೇ ಹಿಡಿದುಕೊಳ್ಳುತ್ತದೆ. ಹಿಡಿಯದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್‌ಗೆ ಹೋಗಿ, ನೆಟ್‌ವರ್ಕ್ ಆಯ್ಕೆಯ ‘ಆಟೊ’ ತೆಗೆಯಿರಿ. ಒಂದರಿಂದ ಮೂರು ನಿಮಿಷ ಹುಡುಕಿ ಪಟ್ಟಿ ತೋರಿಸುತ್ತದೆ. ಬೇರೆ ಕಂಪನಿಯ ಹೆಸರು ಒತ್ತಿ, ಡೇಟಾ ರೋಮಿಂಗನ್ನೂ ಆನ್ ಮಾಡಿ. ‘ನೋಂದಣಿ ಆಗಲಿಲ್ಲ’ ಎಂದು ಬಂದರೆ ರೋಮಿಂಗ್ ಇನ್ನೂ ತೆರೆದಿಲ್ಲ ಎಂದರ್ಥ, ತಾಸು ಬಿಟ್ಟು ನೋಡಿ.

ಎಲ್ಲ ಸರಿಯಾದ ಮೇಲೆ ಮತ್ತೆ ‘ಆಟೊ’ಗೆ ಹಾಕಲು ಮರೆಯುವವರು ಬಹಳ. ವಾರ ಕಳೆದ ಮೇಲೆ ‘ಸಿಮ್ ಹಾಳಾಗಿದೆ’ ಎಂದು ಅಂಗಡಿಗೆ ಬರುತ್ತಾರೆ.

ಎರಡು ಸಿಮ್ ಇಟ್ಟುಕೊಂಡರೆ ಸಾಕಲ್ಲವೇ?

ಎರಡೂ ಕಂಪನಿಗಳು ಒಂದೇ ಕಂಬ, ಒಂದೇ ಬ್ಯಾಟರಿ, ಒಂದೇ ಜನರೇಟರ್ ಹಂಚಿಕೊಂಡಿದ್ದರೆ ಪ್ರಯೋಜನ ಕಡಿಮೆ. ಹಲವು ಕಡೆ ಇರುವುದೇ ಹಾಗೆ. ನಿಮ್ಮ ಮನೆಗೆ ಎರಡು ಬೇರೆ ಬೇರೆ ದಿಕ್ಕಿನ ಗುಡ್ಡಗಳಿಂದ ಸಿಗ್ನಲ್ ಬರುತ್ತದೆಯೇ ನೋಡಿ. ಒಂದು ಸಿಮ್ ಬಿಎಸ್‌ಎನ್‌ಎಲ್, ಇನ್ನೊಂದು ಖಾಸಗಿ ಎಂಬುದು ಮಲೆನಾಡಿನ ಹಳೆಯ ಪದ್ಧತಿ, ಅದರಲ್ಲಿ ಅರ್ಥವಿದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ ಚೂರಲ್‌ಮಲದಲ್ಲಿದ್ದದ್ದು ಬಿಎಸ್‌ಎನ್‌ಎಲ್ ಟವರ್. ಅದನ್ನೇ ಜನರೇಟರ್ ಮೇಲೆ ಓಡಿಸಿ, 4ಜಿಗೆ ಏರಿಸಿ, ರಕ್ಷಣಾ ಪಡೆಗಳಿಗೆ ಸಂಪರ್ಕ ಒದಗಿಸಿದರು.

ಫೋನಿನ ಬ್ಯಾಟರಿ ಎರಡು ದಿನ ಎಳೆಯುವುದು ಹೇಗೆ?

ಸಿಗ್ನಲ್ ದುರ್ಬಲವಾದಷ್ಟೂ ಫೋನ್ ಜೋರಾಗಿ ಕೂಗಬೇಕಾಗುತ್ತದೆ. ಸುಮ್ಮನೆ ಜೇಬಿನಲ್ಲಿದ್ದರೂ ಬ್ಯಾಟರಿ ಇಳಿಯುವುದು ಅದಕ್ಕೆ. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟು, ಗೊತ್ತುಮಾಡಿದ ಹೊತ್ತಿಗೆ ಮಾತ್ರ ತೆರೆಯಿರಿ. ಬೆಳಿಗ್ಗೆ 8, ಮಧ್ಯಾಹ್ನ 1, ಸಂಜೆ 6ಕ್ಕೆ ಹತ್ತು ಹತ್ತು ನಿಮಿಷ ಎಂದು ಮನೆಯವರೆಲ್ಲ ಮೊದಲೇ ಒಪ್ಪಿಕೊಂಡಿರಲಿ. ಇಲ್ಲದಿದ್ದರೆ ನೀವು ತೆರೆದಾಗ ಅವರು ಮುಚ್ಚಿರುತ್ತಾರೆ. ಒಂದು ತೊಡಕು: ಏರ್‌ಪ್ಲೇನ್ ಮೋಡ್‌ನಲ್ಲಿ ಎಚ್ಚರಿಕೆ ಸಂದೇಶವೂ ಬರುವುದಿಲ್ಲ. ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ಮೂರನ್ನು ಮುಚ್ಚಿ, ಒಂದನ್ನು ಸರದಿಯಲ್ಲಿ ತೆರೆದಿಡಿ.

5ಜಿ ಆಫ್ ಮಾಡಿ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್‌ನವರು ಕರೆಗಷ್ಟೇ ಆದರೆ 2ಜಿಗೆ ಇಳಿಸಬಹುದು. ಜಿಯೊದವರು ಹಾಗೆ ಮಾಡಬೇಡಿ, ಅದಕ್ಕೆ 2ಜಿ ಇಲ್ಲವೇ ಇಲ್ಲ, ಫೋನ್ ಪೂರ್ತಿ ಮೂಕವಾಗುತ್ತದೆ. ಮೂಲೆಯಲ್ಲಿ ಬಿದ್ದಿರುವ ಹಳೆಯ ಕೀಪ್ಯಾಡ್ ಸೆಟ್ಟನ್ನು ಎಸೆಯಬೇಡಿ. 1000 ಎಂಎಎಚ್ ಬ್ಯಾಟರಿಯಲ್ಲೇ ಅದು ದಿನಗಟ್ಟಲೆ ಬದುಕುತ್ತದೆ.

ಎಷ್ಟು ದೊಡ್ಡ ಪವರ್ ಬ್ಯಾಂಕ್ ಬೇಕು?

10,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. 5 ವೋಲ್ಟ್‌ಗೆ ಏರಿಸಿ ಕೊಡುವಾಗ ನಷ್ಟವಾಗಿ 6,000ದ ಆಸುಪಾಸು ಉಳಿಯುತ್ತದೆ. 5,000 ಎಂಎಎಚ್ ಫೋನನ್ನು ಒಂದೂಕಾಲರಿಂದ ಒಂದೂವರೆ ಸಲ ತುಂಬಿಸುತ್ತದೆ, ಎರಡು ಸಲ ಅಲ್ಲ. ನಾಲ್ಕು ಜನರ ಮನೆಗೆ 20,000ದ್ದು ಒಂದಿದ್ದರೆ ಮೂರು ದಿನಕ್ಕೆ ಸಾಕು, ಮೇಲಿನ ಶಿಸ್ತು ಪಾಲಿಸಿದರೆ. ಬಳಸದೆ ಇಟ್ಟದ್ದು ತಾನಾಗಿ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತುಂಬಿಸಿಡಿ. ಕಾರಿನ 12 ವೋಲ್ಟ್ ಸಾಕೆಟ್ಟಿನ ಚಾರ್ಜರ್ ಒಂದು ಮನೆಯಲ್ಲಿರಲಿ.

ಸೋಲಾರ್ ಪವರ್ ಬ್ಯಾಂಕ್ ಬಗ್ಗೆ ತುಂಬ ಕೇಳುತ್ತಾರೆ. ಅಂಗೈ ಅಗಲದ ಫಲಕ ಬಿರುಬಿಸಿಲಿನಲ್ಲೇ ದಿನವಿಡೀ ಬೇಕು. ಆಷಾಢದ ಮೋಡದಲ್ಲಿ ಅದು ಆಟಿಕೆ.

ಮನೆಯ ಫೈಬರ್ ಇಂಟರ್‌ನೆಟ್ ಕರೆಂಟು ಹೋದರೂ ನಡೆಯುತ್ತದೆಯೇ?

ನಡೆಯುತ್ತದೆ, ಮತ್ತು ಇದನ್ನು ಬಳಸಿಕೊಳ್ಳುವವರು ತೀರಾ ಕಡಿಮೆ. ಎಕ್ಸ್‌ಚೇಂಜ್‌ನಿಂದ ನಿಮ್ಮ ಮನೆಯವರೆಗೆ ಫೈಬರ್ ದಾರಿಯಲ್ಲಿ ಸಾಮಾನ್ಯವಾಗಿ ಕರೆಂಟು ಬೇಡುವ ಪೆಟ್ಟಿಗೆಗಳಿರುವುದಿಲ್ಲ. ನಡುವೆ ಬೆಳಕನ್ನು ಮನೆಮನೆಗೆ ಹಂಚುವ ಸ್ಪ್ಲಿಟರ್ ಬರೀ ಗಾಜು. ಪೇಟೆಯ ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿ, ನಿಮ್ಮ ಮನೆಯ ಮೋಡೆಮ್‌ಗೆ ಬ್ಯಾಟರಿ, ನಡುವೆ ತಂತಿ ತುಂಡಾಗಿರಬಾರದು, ಇಷ್ಟಿದ್ದರೆ ಊರಿನ ಟವರ್ ಸತ್ತರೂ ವೈಫೈ ಇರುತ್ತದೆ. ಫೋನಿನಲ್ಲಿ ವೈಫೈ ಕಾಲಿಂಗ್ ಮೊದಲೇ ಆನ್ ಮಾಡಿದ್ದರೆ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಏರ್‌ಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ತೆರೆದು ಒಂದು ಕರೆ ಮಾಡಿ ನೋಡಿ. ಹೋದರೆ ನಿಮ್ಮಲ್ಲಿ ಅದು ಕೆಲಸ ಮಾಡುತ್ತದೆ ಎಂದರ್ಥ.

ಲೆಕ್ಕ ಹೀಗೆ. 12 ವೋಲ್ಟ್ 150 ಎಎಚ್ ಯುಪಿಎಸ್ ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್ ಇದೆ. ಲೆಡ್ ಆಸಿಡ್ ಬ್ಯಾಟರಿ ಕೆಡದಂತೆ ಅರ್ಧ ಬಳಸಿ, ಅಂದರೆ 900. ಮೋಡೆಮ್ ಎಳೆಯುವುದು 10ರಿಂದ 15 ವ್ಯಾಟ್, ಆದರೆ ಯುಪಿಎಸ್ ತನ್ನಷ್ಟಕ್ಕೇ ಇನ್ನೊಂದು 15ರಿಂದ 20 ತಿನ್ನುತ್ತದೆ. ಹಾಗಾಗಿ ಸುಮಾರು 30 ತಾಸು. ಫ್ಯಾನು, ಟಿವಿ ಹಾಕಿದರೆ ಸಂಜೆಗೇ ಖಾಲಿ. ಯುಪಿಎಸ್ ಇಲ್ಲದವರು ರೂಟರ್‌ಗೆಂದೇ ಬರುವ 12 ವೋಲ್ಟ್ ಮಿನಿ ಯುಪಿಎಸ್ ಕೊಳ್ಳಿ, ನಾಲ್ಕೈದು ತಾಸು ಸಿಗುತ್ತದೆ. ಮೋಡೆಮ್ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್, ಪಿನ್ ಗಾತ್ರ ನೋಡಿಯೇ ಕೊಳ್ಳಬೇಕು. ಮೋಡೆಮ್ಮನ್ನು ಕಾರಿನ ಬ್ಯಾಟರಿಗೆ ನೇರ ಜೋಡಿಸುವ ಸಾಹಸ ಬೇಡ. ಎಂಜಿನ್ ಓಡುವಾಗ ಅಲ್ಲಿ 14 ವೋಲ್ಟ್ ದಾಟಿರುತ್ತದೆ.

ನಮ್ಮ ಕಡೆಯ ದೊಡ್ಡ ದೌರ್ಬಲ್ಯ ಬೇರೆ ಇದೆ: ಫೈಬರನ್ನು ನೆಲದಡಿ ಹಾಕದೆ ಕಂಬದಿಂದ ಮರಕ್ಕೆ, ಮರದಿಂದ ಅಡಿಕೆ ಮರಕ್ಕೆ ಎಳೆದಿರುತ್ತಾರೆ. ಕೊಂಬೆ ಬಿದ್ದರೆ ಮುಗಿಯಿತು. ಮಳೆಗೆ ಮುಂಚೆ ಲೈನ್ ಹಾದ ದಾರಿಯಲ್ಲಿ ಕೊಂಬೆ ಸವರಿಸಿ. ಮೋಡೆಮ್ ಮೇಲಿನ ‘ಲಾಸ್’ ದೀಪ ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ಹೆಚ್ಚಾಗಿ ತಂತಿಯೇ ತುಂಡಾಗಿರುತ್ತದೆ. ಮೋಡೆಮ್ಮನ್ನು ಹತ್ತು ಸಲ ಆಫ್ ಆನ್ ಮಾಡಿ ಉಪಯೋಗವಿಲ್ಲ.

ಹಳೆಯ ಲ್ಯಾಂಡ್‌ಲೈನ್?

ತಾಮ್ರದ ಲೈನ್ ಇನ್ನೂ ಇದ್ದರೆ ಬಿಡಬೇಡಿ. ಅದಕ್ಕೆ ಕರೆಂಟು ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ. ಫೈಬರ್‌ಗೆ ಬದಲಾದ ಲ್ಯಾಂಡ್‌ಲೈನ್‌ಗೆ ಈ ಗುಣ ಇಲ್ಲ, ಮೋಡೆಮ್ ಸತ್ತರೆ ಅದೂ ಸತ್ತಿತು.

ಇದ್ದಕ್ಕಿದ್ದಂತೆ ಸೈರನ್ ಕೂಗಿ ಸಂದೇಶ ಬರುತ್ತದಲ್ಲ, ಅದು ನಿಜವೇ? ನನಗೇಕೆ ಬರಲಿಲ್ಲ?

ಅದು ಸೆಲ್ ಬ್ರಾಡ್‌ಕಾಸ್ಟ್. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಇದರ ಪರೀಕ್ಷೆ ನಡೆದಾಗ ಗಾಬರಿಯಾದವರು ಬಹಳ. ಎಸ್‌ಎಂಎಸ್ ಒಂದೊಂದು ನಂಬರಿಗೂ ಬೇರೆ ಬೇರೆ ಹೋಗುತ್ತದೆ. ಇದು ಹಾಗಲ್ಲ, ಊರಿನ ಡಂಗುರದಂತೆ. ಆ ಟವರ್‌ನಡಿ ಇರುವ ಫೋನುಗಳೆಲ್ಲ ಒಟ್ಟಿಗೆ ಕೇಳಿಸಿಕೊಳ್ಳುತ್ತವೆ, ಯಾರ ನಂಬರೂ ಬೇಕಿಲ್ಲ, ಲೈನ್ ಬಿಜಿ ಇದ್ದರೂ ಬರುತ್ತದೆ. ಸೈಲೆಂಟ್‌ನಲ್ಲಿದ್ದರೂ ಕೂಗಬಲ್ಲದು.

ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಎಂದು ಹುಡುಕಿ, ಅಲ್ಲಿರುವುದನ್ನೆಲ್ಲ ಆನ್ ಮಾಡಿ. ಪರೀಕ್ಷಾ ಸಂದೇಶದ ಬಟನ್ ಹಲವು ಫೋನುಗಳಲ್ಲಿ ಆಫ್ ಆಗಿಯೇ ಇರುತ್ತದೆ. ಇಂಥ ಸಂದೇಶದಲ್ಲಿ ಒಟಿಪಿ, ಬ್ಯಾಂಕ್ ವಿವರ ಕೇಳುವುದಿಲ್ಲ. ಸರ್ಕಾರಿ ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ ‘ಜಿ’ ಅಕ್ಷರ ಇರುತ್ತದೆ, ಜಾಹೀರಾತಿಗೆ ‘ಪಿ’. ಇದರ ಜೊತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’, ಸಿಡಿಲಿಗೆ ‘ದಾಮಿನಿ’ ಆ್ಯಪ್‌ಗಳನ್ನು ಹಾಕಿಕೊಳ್ಳಿ.

ಯಾವ ನಂಬರಿಗೆ ಕರೆ ಮಾಡಬೇಕು? ವಿದೇಶದಲ್ಲಿರುವವರು?

ಜೀವಕ್ಕೆ ಅಪಾಯವಿದ್ದರೆ 112. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ‘ತುರ್ತು ಕರೆ ಮಾತ್ರ’ ಎಂದು ತೋರಿಸುತ್ತಿದ್ದರೆ ಬೇರೆ ಕಂಪನಿಯ ಟವರ್ ಮೂಲಕ ಹೋಗಬಲ್ಲದು, ಒಮ್ಮೆ ಒತ್ತಿಯೇ ನೋಡಿ. ಜಿಲ್ಲಾ ನಿಯಂತ್ರಣ ಕೊಠಡಿ 1077, ರಾಜ್ಯದ್ದು 1070.

1077ರಲ್ಲಿ ಒಂದು ಸಿಕ್ಕು. ಅದು ನೀವಿರುವ ಜಿಲ್ಲೆಗೆ ಹೋಗುವ ನಂಬರ್. ಬೆಂಗಳೂರಿನಲ್ಲಿ ಕೂತು ಒತ್ತಿದರೆ ಮಡಿಕೇರಿ ಸಿಗುವುದಿಲ್ಲ. ಸಂಪಾಜೆಯಂಥ ಗಡಿ ಊರಿನಲ್ಲಿ ಫೋನ್ ಪಕ್ಕದ ಜಿಲ್ಲೆಯ ಟವರ್ ಹಿಡಿದಿದ್ದರೂ ಎಡವಟ್ಟಾಗಬಹುದು. ಹಾಗಾಗಿ ಎಸ್‌ಟಿಡಿ ಕೋಡ್ ಇರುವ ನಿಯಂತ್ರಣ ಕೊಠಡಿಯ ಪೂರ್ತಿ ನಂಬರನ್ನು ಜಿಲ್ಲಾಡಳಿತದ ಪ್ರಕಟಣೆಯಿಂದ ಬರೆದಿಟ್ಟುಕೊಳ್ಳಿ. ಮಡಿಕೇರಿ ಕೋಡ್ 08272, ಚಿಕ್ಕಮಗಳೂರು 08262, ಶಿವಮೊಗ್ಗ 08182, ಮಂಗಳೂರು 0824, ಉಡುಪಿ 0820, ಕಾರವಾರ 08382. ವಿದೇಶದಿಂದ 112 ಒತ್ತಿದರೆ ಆ ದೇಶದವರು ಎತ್ತುತ್ತಾರೆ, ಇಲ್ಲವೇ ಹೋಗುವುದೇ ಇಲ್ಲ. ಅಲ್ಲಿಂದ +91 ಹಾಕಿ, ಕೋಡ್‌ನ ಮೊದಲ ಸೊನ್ನೆ ಬಿಟ್ಟು ನಿಯಂತ್ರಣ ಕೊಠಡಿಗೆ ಮಾಡಿ.

ಹೊರಗಿರುವ ನೆಂಟರಿಗೆ ಇನ್ನೊಂದು ಮಾತು. ಎಲ್ಲರೂ ಅಜ್ಜನ ಮನೆಗೇ ಫೋನ್ ಮಾಡಬೇಡಿ. ಮೈಸೂರಲ್ಲೋ ಬೆಂಗಳೂರಲ್ಲೋ ಇರುವ ಒಬ್ಬರನ್ನು ಕುಟುಂಬದ ಕೇಂದ್ರವಾಗಿ ಗೊತ್ತುಮಾಡಿ. ಊರಿನಿಂದ ಒಂದೇ ಎಸ್‌ಎಂಎಸ್ ಅವರಿಗೆ ಹೋಗಲಿ, ಉಳಿದ ಹದಿನೈದು ಮಂದಿಗೆ ಅವರೇ ತಿಳಿಸಲಿ.

ನಾವು ಎಲ್ಲಿದ್ದೇವೆ ಎಂದು ರಕ್ಷಣಾ ತಂಡಕ್ಕೆ ಹೇಳುವುದು ಹೇಗೆ? ನೆಟ್ ಇಲ್ಲದೆ ಮ್ಯಾಪ್ ತೆರೆಯುವುದಿಲ್ಲವಲ್ಲ.

ಜಿಪಿಎಸ್‌ಗೆ ನೆಟ್ ಬೇಡ, ಆಕಾಶ ಕಂಡರೆ ಸಾಕು. ಮ್ಯಾಪ್‌ನ ಚಿತ್ರ ಬರದಿದ್ದರೂ ನೀಲಿ ಚುಕ್ಕಿಯ ಮೇಲೆ ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶದ ಅಂಕಿ ಸಿಗುತ್ತದೆ. ಎಷ್ಟೋ ಫೋನುಗಳ ದಿಕ್ಸೂಚಿ ಆ್ಯಪ್ಪೂ ತೋರಿಸುತ್ತದೆ. ನೆಟ್ ಇಲ್ಲದಾಗ ಉಪಗ್ರಹ ಹಿಡಿಯಲು ಕೆಲವು ನಿಮಿಷ ಬೇಕು, ತೋಟದ ಮರದಡಿ ಬಿಟ್ಟು ಅಂಗಳಕ್ಕೆ ಬನ್ನಿ. ದಶಾಂಶದ ನಂತರ ನಾಲ್ಕು ಅಂಕಿ ಕೊಟ್ಟರೆ ಹತ್ತು ಹನ್ನೊಂದು ಮೀಟರ್ ಒಳಗೆ ಜಾಗ ಸಿಗುತ್ತದೆ. ಎರಡೇ ಅಂಕಿ ಕೊಟ್ಟರೆ ಒಂದು ಕಿಲೋಮೀಟರ್ ವ್ಯತ್ಯಾಸ, ಅಂದರೆ ಹೊಳೆಯ ಆಚೆ ದಡ. ಮನೆಯ ಅಂಕಿಯನ್ನು ಈಗಲೇ ತೆಗೆದು ಗೋಡೆಯ ಮೇಲೆ ಬರೆದಿಡಿ. ಜೊತೆಗೆ ಊರಿನವರಿಗೆ ಗೊತ್ತಾಗುವ ಗುರುತು ಹೇಳಿ: ಯಾವ ತೋಟ, ಯಾವ ದೇವಸ್ಥಾನದ ಮೇಲೆ, ಹೊಳೆಯ ಯಾವ ಬದಿ.

ರೇಡಿಯೊ ಇನ್ನೂ ಬೇಕೇ?

ಬೇಕು. ಒಂದು ಪ್ರಸಾರ ಕೇಂದ್ರ ನಿಂತಿದ್ದರೆ ಇಡೀ ಜಿಲ್ಲೆಗೆ ಸುದ್ದಿ ಮುಟ್ಟುತ್ತದೆ, ಎಷ್ಟು ಜನ ಕೇಳಿದರೂ ಲೈನ್ ಬಿಜಿಯಾಗುವುದಿಲ್ಲ. ಆಕಾಶವಾಣಿ ಮಡಿಕೇರಿ 103.1, ಮಂಗಳೂರು 100.3, ಕಾರವಾರ 102.3 ಎಫ್‌ಎಂ. ಎರಡು ಸೆಲ್ ಹಾಕುವ ರೇಡಿಯೊ ಕೊಳ್ಳಿ, ಸೆಲ್‌ಗಳನ್ನು ಹೊರಗೆ ತೆಗೆದಿಡಿ, ಸೋರಿದರೆ ತಗಡು ತಿನ್ನುತ್ತದೆ. ಫೋನಿನಲ್ಲಿ ಎಫ್‌ಎಂ ಇದ್ದರೆ ವೈರ್ ಇರುವ ಇಯರ್‌ಫೋನ್ ಬೇಕು, ಆ ವೈರೇ ಆಂಟೆನಾ.

ಹ್ಯಾಮ್ ರೇಡಿಯೊ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ?

ಹ್ಯಾಮ್ ಎಂದರೆ ಪರವಾನಗಿ ಪಡೆದ ಹವ್ಯಾಸಿಗಳು ನಡೆಸುವ ರೇಡಿಯೊ. 2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಬೇರೆ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಉಳಿದ ಸಂಪರ್ಕ ಕಡಿದಾಗ ಅಂಡಮಾನ್‌ನಿಂದ ಕ್ಷೇಮ ಸಮಾಚಾರ ಅವರ ಸೆಟ್‌ಗಳ ಮೂಲಕ ಹೊರಬಂತು.

ನಮ್ಮ ಘಟ್ಟಕ್ಕೆ ಸಂಬಂಧಿಸಿದ ವಿಷಯ ಇದು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ (144–146 ಮೆಗಾಹರ್ಟ್ಸ್) ನೇರ ಗೆರೆಯಲ್ಲಿ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ಎತ್ತರದ ಗುಡ್ಡದಲ್ಲಿ ರಿಪೀಟರ್ (ಸಂಕೇತ ಹಿಡಿದು ಮತ್ತೆ ಬಿತ್ತರಿಸುವ ಸೆಟ್) ಬದುಕಿದ್ದರೆ ಸರಿ. ಇಲ್ಲದಿದ್ದರೆ 7 ಮೆಗಾಹರ್ಟ್ಸ್ ಎಚ್‌ಎಫ್ (ಶಾರ್ಟ್‌ವೇವ್). ಆಂಟೆನಾವನ್ನು ಬೇಕೆಂದೇ ತಗ್ಗಾಗಿ ಕಟ್ಟಿದರೆ ಅಲೆ ನೆಟ್ಟಗೆ ಮೇಲೆ ಹೋಗಿ, ವಾತಾವರಣದ ಮೇಲಿನ ಪದರವಾದ ಅಯಾನುಗೋಳಕ್ಕೆ ತಾಗಿ, ಕಾರಂಜಿ ನೀರು ಸುತ್ತ ಬಿದ್ದಂತೆ ಸುತ್ತಮುತ್ತ ಮುನ್ನೂರು ನಾನೂರು ಕಿಲೋಮೀಟರ್ ದೂರದವರೆಗೆ ಇಳಿಯುತ್ತದೆ. ಗುಡ್ಡ ಲೆಕ್ಕಕ್ಕೇ ಇಲ್ಲ. ಬೇಕಾದದ್ದು ಒಟ್ಟು 20 ಮೀಟರ್ ತಂತಿ, ನಡುವೆ ಕತ್ತರಿಸಿ ಎರಡು ಬದಿಗೆ ಹತ್ತತ್ತು ಮೀಟರ್, ನಾಲ್ಕೈದು ಮೀಟರ್ ಎತ್ತರದಲ್ಲಿ. ಎರಡು ಅಡಿಕೆ ಮರ ಸಾಕು. ರಾತ್ರಿ 7 ಮೆಗಾಹರ್ಟ್ಸ್ ಹತ್ತಿರಕ್ಕೆ ಬೀಳುವುದಿಲ್ಲ, ಆಗ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು, ತಂತಿ ಎರಡರಷ್ಟು ಬೇಕು. 100 ವ್ಯಾಟ್ ಸೆಟ್ ಮಾತಾಡುವಾಗ 20 ಆಂಪಿಯರ್ ಎಳೆಯುತ್ತದೆ. 25 ವ್ಯಾಟ್‌ಗೆ ಇಳಿಸಿದರೂ ಮಡಿಕೇರಿಯಿಂದ ಬೆಂಗಳೂರಿಗೆ ಹಗಲು ಧಾರಾಳ ಕೇಳುತ್ತದೆ, ಬ್ಯಾಟರಿಯೂ ಉಳಿಯುತ್ತದೆ.

ಪರವಾನಗಿ ಕಡ್ಡಾಯ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು, ಕೆಳ ದರ್ಜೆಗೆ ಟೆಲಿಗ್ರಾಂ ಕಾಲದ ಮೋರ್ಸ್ ಸಂಕೇತ ಬೇಡ. ಬೆಂಗಳೂರಿನಲ್ಲಿ ಕ್ಲಬ್‌ಗಳೂ ಭಾರತೀಯ ಹ್ಯಾಮ್ ಸಂಸ್ಥೆಯೂ ತರಬೇತಿ ಕೊಡುತ್ತವೆ. ನಿಮಗೆ ಪರವಾನಗಿ ಇಲ್ಲದಿದ್ದರೂ ತಾಲ್ಲೂಕಿನಲ್ಲಿ ಯಾರಿಗಿದೆ ಎಂದು ಪಂಚಾಯಿತಿಗೆ ಗೊತ್ತಿರಲಿ. ಅವರ ಕೈಗೆ ಸಂದೇಶ ಕೊಡುವಾಗ ಇಪ್ಪತ್ತೈದು ಪದ ಮೀರದಿರಲಿ, ಯಾರಿಂದ, ಯಾರಿಗೆ, ಫೋನ್ ನಂಬರ್, ಬರೆದ ಹೊತ್ತು ಇರಲಿ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ತಂದಿಟ್ಟುಕೊಳ್ಳಬಹುದೇ?

ಬಹುಪಾಲು ಸೆಟ್‌ಗಳಿಗೆ ಪರವಾನಗಿ ಬೇಕು. ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ, ಸರ್ಕಾರದ ಮಾದರಿ ಅನುಮೋದನೆ ಇರುವ ಸೆಟ್ ಮಾತ್ರ. ಡಬ್ಬದ ಮೇಲೆ ಹತ್ತು ಕಿಲೋಮೀಟರ್ ಎಂದಿರುತ್ತದೆ. ಕಾಫಿ ತೋಟದ ಮರಗಳ ನಡುವೆ ಅರ್ಧ ಕಿಲೋಮೀಟರ್ ಸಿಕ್ಕರೆ ಪುಣ್ಯ. ತೋಟದ ಬಂಗಲೆಯಿಂದ ಕಾರ್ಮಿಕರ ಲೈನ್ ಮನೆಗೆ ಸಾಕು.

865–867 ಮೆಗಾಹರ್ಟ್ಸ್‌ನ ಲೋರಾ ಮೆಶ್ ಪೆಟ್ಟಿಗೆಗಳೂ (ಚಿಕ್ಕ ಸಂದೇಶವನ್ನು ಒಂದರಿಂದೊಂದಕ್ಕೆ ದಾಟಿಸುವ ಕಡಿಮೆ ಶಕ್ತಿಯ ರೇಡಿಯೊ ಸಾಧನಗಳು) ಲೈಸೆನ್ಸ್ ಬೇಡದ ಪಟ್ಟಿಯಲ್ಲಿವೆ. ಮಾತು ಹೋಗುವುದಿಲ್ಲ, ಸುಮಾರು 200 ಬೈಟ್ ಅಕ್ಷರ ಸಂದೇಶ ಮಾತ್ರ. ಕನ್ನಡದ ಒಂದೊಂದು ಸಂಕೇತ 3 ಬೈಟ್ ತಿನ್ನುವುದರಿಂದ ಇಲ್ಲೂ ಅದೇ ಎಪ್ಪತ್ತರ ಒಳಗಿನ ಲೆಕ್ಕ. ನಾಲ್ಕು ಮನೆ, ನಡುವೆ ಗುಡ್ಡದ ಮೇಲೊಂದು ಪೆಟ್ಟಿಗೆ ಇಟ್ಟರೆ ಚೆನ್ನಾಗಿ ನಡೆಯುತ್ತದೆ. ಗುಡ್ಡದ ಮೇಲಿನದಕ್ಕೆ ಮಳೆಗಾಲದ ಬ್ಯಾಟರಿ ವ್ಯವಸ್ಥೆಯೇ ತಲೆನೋವು.

ದುಬೈಯಿಂದ ಸ್ಯಾಟಲೈಟ್ ಫೋನ್ ತಂದುಕೊಟ್ಟರೆ?

ಖಂಡಿತ ಬೇಡ. ಅನುಮತಿ ಇಲ್ಲದ ತುರಾಯಾ, ಇರಿಡಿಯಂ ಸೆಟ್ ಭಾರತದಲ್ಲಿ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಚಾರಣಿಗರ ಉಪಗ್ರಹ ಸಂದೇಶ ಸಾಧನಕ್ಕೂ ಇದೇ ಗತಿ. ಕಾನೂನುಬದ್ಧ ದಾರಿ ಬಿಎಸ್‌ಎನ್‌ಎಲ್ ಮೂಲಕ ಪಡೆಯುವ ಇನ್‌ಮಾರ್‌ಸ್ಯಾಟ್ ಫೋನ್.

ಮೀನುಗಾರರಿಗೆ?

ದಡದಿಂದ ಸ್ವಲ್ಪ ದೂರ ಹೋದರೆ ಮೊಬೈಲ್ ಮರೆತುಬಿಡಿ. ವಿಎಚ್‌ಎಫ್ ಮರೈನ್ ಸೆಟ್‌ನ 16ನೇ ಚಾನೆಲ್ (156.8 ಮೆಗಾಹರ್ಟ್ಸ್) ಸದಾ ತೆರೆದಿರಲಿ, ಹರಟೆಗೆ ಬೇರೆ ಚಾನೆಲ್. ಇಸ್ರೊ ರೂಪಿಸಿದ ಅಪಾಯ ಸೂಚಕ ಸಾಧನ ಬೋಟಿನಲ್ಲಿದ್ದರೆ ಬಟನ್ ಎಲ್ಲಿದೆ ಎಂದು ತಾಂಡೇಲರಿಗಷ್ಟೇ ಅಲ್ಲ, ಎಲ್ಲರಿಗೂ ಗೊತ್ತಿರಲಿ. ದಡದಲ್ಲಿರುವ ಮನೆಯವರು ಕೋಸ್ಟ್ ಗಾರ್ಡ್‌ಗೆ 1554, ಕರಾವಳಿ ಪೊಲೀಸರಿಗೆ 1093 ಕರೆ ಮಾಡಿ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಹೊರಟ ಬಂದರು, ಜನರ ಸಂಖ್ಯೆ ಹೇಳಬೇಕು.

ಕಾಳಜಿ ಕೇಂದ್ರದಲ್ಲಿ ಫೋನ್ ವ್ಯವಸ್ಥೆ ಹೇಗಿರಬೇಕು?

ಒಂದು ಮೇಜು, ಒಬ್ಬ ಜವಾಬ್ದಾರ, ಒಂದು ನೋಟ್‌ಬುಕ್. ಬಂದವರ ಹೆಸರು, ಊರು, ಹೊರಗಿನ ಒಬ್ಬ ನೆಂಟರ ನಂಬರ್ ಬರೆಸಿ, ಸಿಗ್ನಲ್ ಇರುವ ಒಂದೆರಡು ಫೋನಿನಿಂದ ಬೆಳಿಗ್ಗೆ ಮತ್ತು ಸಂಜೆ ಎಲ್ಲರಿಗೂ ಎಸ್‌ಎಂಎಸ್ ಕಳಿಸಿ. ನೂರು ಜನ ನೂರು ಫೋನ್ ಹಿಡಿದು ಗುಡ್ಡ ಹತ್ತುವುದು ತಪ್ಪುತ್ತದೆ. ಕತ್ತಲಲ್ಲಿ ಸಿಗ್ನಲ್ ಹುಡುಕಿ ಧರೆಯ ಅಂಚಿಗೆ ಹೋಗುವುದು ನಿಜವಾದ ಅಪಾಯ.

ಚಾರ್ಜಿಂಗ್ ಲೆಕ್ಕ: ಒಂದು ಫೋನ್ ತುಂಬಲು ನಷ್ಟ ಸೇರಿ 25 ವ್ಯಾಟ್-ಅವರ್. ಮೇಲೆ ಹೇಳಿದ 150 ಎಎಚ್ ಬ್ಯಾಟರಿಯ ಅರ್ಧದಲ್ಲಿ 36 ಫೋನ್ ತುಂಬಿಸಬಹುದು. ಎಲ್ಲರಿಗೂ ಅರ್ಧರ್ಧ ಮಾಡಿದರೆ 70 ದಾಟುತ್ತದೆ. ಪ್ರತಿ ಫೋನಿಗೆ ಹೆಸರಿನ ಚೀಟಿ ಅಂಟಿಸಿ, ಇಲ್ಲದಿದ್ದರೆ ಒಂದೇ ಬಣ್ಣದ ಹತ್ತು ಸೆಟ್‌ಗಳ ಜಗಳ ಬಿಡಿಸುವುದೇ ಕೆಲಸವಾಗುತ್ತದೆ. ಜನರೇಟರ್ ಇದ್ದರೆ ಕಟ್ಟಡದ ಹೊರಗೆ, ಕಿಟಕಿಯಿಂದ ದೂರ. ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

‘ಡ್ಯಾಂ ಒಡೆಯಿತಂತೆ’ ಎಂಬ ಫಾರ್ವರ್ಡ್ ಬಂದರೆ?

ದಿನಾಂಕ, ಊರು, ಅಧಿಕಾರಿಯ ಹುದ್ದೆ ಮೂರೂ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ನಿಜವಾದ ಪ್ರಕಟಣೆಯಲ್ಲಿ ಎಷ್ಟು ಕ್ಯೂಸೆಕ್, ಎಷ್ಟು ಗಂಟೆಗೆ ಬಿಡುತ್ತಾರೆ ಎಂದು ಇರುತ್ತದೆ. ಆದರೆ ನಿಮ್ಮ ಮನೆ ಹೊಳೆಯ ಅಂಚಿನಲ್ಲಿದ್ದು ನೀರು ಏರುತ್ತಿದ್ದರೆ ಸುದ್ದಿ ಸುಳ್ಳೋ ನಿಜವೋ ಎಂದು ನೋಡುತ್ತಾ ಕೂರಬೇಡಿ. ಮೊದಲು ಮೇಲೆ ಹೋಗಿ, ಆಮೇಲೆ 1077.

ಫೋನ್ ನೀರಿಗೆ ಬಿತ್ತು. ಅಕ್ಕಿಯಲ್ಲಿಡಲೇ?

ಅಕ್ಕಿಯನ್ನು ಊಟಕ್ಕಿಡಿ. ಅದರ ಧೂಳು ಚಾರ್ಜಿಂಗ್ ತೂತಿಗೆ ಸೇರುವುದಷ್ಟೇ ಲಾಭ. ಕೂಡಲೇ ಆಫ್ ಮಾಡಿ, ಸಿಮ್ ತೆಗೆದು ಒರೆಸಿ, ತೂತು ಕೆಳಗೆ ಮಾಡಿ ಗಾಳಿಯಾಡುವಲ್ಲಿ ಒಂದು ದಿನವಾದರೂ ಒಣಗಿಸಿ. ಒದ್ದೆ ಇರುವಾಗ ಚಾರ್ಜ್‌ಗೆ ಹಾಕಿದರೇ ಫೋನ್ ಸಾಯುವುದು. ಸಿಮ್ಮನ್ನು ಬೇರೆ ಸೆಟ್‌ಗೆ ಹಾಕಿದರೆ ಸಾಮಾನ್ಯವಾಗಿ ನಡೆಯುತ್ತದೆ.

ಫೋನ್, ಸಿಮ್ ಎರಡೂ ಕೊಚ್ಚಿಹೋದರೆ?

ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ ಮೊದಲು ಹಳೆಯ ಸಿಮ್ ನಿಲ್ಲಿಸಿ. ಆಮೇಲೆ ಅದೇ ನಂಬರಿನ ಹೊಸ ಸಿಮ್‌ಗೆ ಗುರುತಿನ ದಾಖಲೆ ಕೊಡಿ. ಆಧಾರ್ ಕಾರ್ಡೂ ಹೋಗಿದ್ದರೆ ಸಂಖ್ಯೆ ಗೊತ್ತಿದ್ದು ಬೆರಳಚ್ಚು ಕೊಟ್ಟರೆ ಹಲವು ಕಡೆ ಕೆಲಸವಾಗುತ್ತದೆ. ಆದ್ದರಿಂದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಐದು ಮುಖ್ಯ ಫೋನ್ ನಂಬರುಗಳನ್ನು ಪೆನ್ಸಿಲ್‌ನಲ್ಲಿ ಬರೆದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಪೆನ್ನಿನ ಶಾಯಿ ನೀರಿಗೆ ಕದಡುತ್ತದೆ.

ಹೊಸ ಸಿಮ್ ಚಾಲೂ ಆದ ಮೊದಲ 24 ತಾಸು ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸಿಮ್ ಬದಲಿಸಿ ಹಣ ಕದಿಯುವವರನ್ನು ತಡೆಯಲು ಮಾಡಿದ ನಿಯಮ ಅದು. ಅಂದರೆ ಬ್ಯಾಂಕಿನ ಒಟಿಪಿಯೂ ಅಷ್ಟು ಹೊತ್ತು ಸಿಗುವುದಿಲ್ಲ. ಪರಿಹಾರದ ಹಣ ತೆಗೆಯಬೇಕಿದ್ದರೆ ಅದಕ್ಕೆ ತಕ್ಕಂತೆ ಒಂದು ದಿನ ಮುಂಚಿತವಾಗಿಯೇ ಸಿಮ್ ಮಾಡಿಸಿಕೊಳ್ಳಿ.